ಶೆಡ್ಡಿಗೆ ಮೊದಲು ಐದು ಕುರಿ

ಕುರಿ ಸಾಕಬೇಕೆಂದು ಮನಸ್ಸು ಮಾಡಿದ ಕುಟುಂಬ ಇತ್ತೀಚೆಗೆ ಮೊದಲು ಕೈಹಾಕುವುದು ಶೆಡ್ ಕಟ್ಟುವ ಕೆಲಸಕ್ಕೆ. ನೆಲದಿಂದ ನಾಲ್ಕೈದು ಅಡಿ ಎತ್ತರದ ಅಟ್ಟಣೆ, ಹಿಕ್ಕೆ ಕೆಳಗೆ ಉದುರುವಂತೆ ಸಂದು ಬಿಟ್ಟು ಜೋಡಿಸಿದ ಹಲಗೆ, ತಗಡಿನ ಚಾವಣಿ, ಉದ್ದಕ್ಕೂ ಗೋದಲಿ. ಅದು ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡೂ ಬಹುಪಾಲು ಮುಗಿದಿರುತ್ತದೆ. ಆಮೇಲೆ ಸಾಲದ ದುಡ್ಡಲ್ಲಿ ಒಂದೇ ಸಂತೆಯಿಂದ ಐವತ್ತೋ ಅರವತ್ತೋ ಕುರಿ ಬಂದಿಳಿಯುತ್ತವೆ. ಯಾವ ಕುರಿ ಎಲ್ಲಿಂದ ಬಂತು, ಅದಕ್ಕೆ ಲಸಿಕೆ ಹಾಕಿಸಿದ್ದಾರೋ ಇಲ್ಲವೋ, ಗಬ್ಬವಾಗಿದೆಯೋ ಇಲ್ಲವೋ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಎರಡು ಮೂರು ಎಕರೆಯ ಕುಟುಂಬಕ್ಕೆ ಕುರಿಯಲ್ಲಿ ಬೇಕಾದ ನಿಜವಾದ ಬಂಡವಾಳ ತಿಳಿವಳಿಕೆ. ಆ ತಿಳಿವಳಿಕೆ ನಾಲ್ಕೈದು ಕುರಿಗಳ ಜೊತೆ ಮಳೆಗಾಲ, ಚಳಿಗಾಲ, ಬೇಸಿಗೆ ಮೂರನ್ನೂ ಕಳೆದರೆ ಮಾತ್ರ ಬರುತ್ತದೆ. ಅಷ್ಟಾದ ಮೇಲೆ ಹಿಂಡು ದೊಡ್ಡದಾಗಲಿ, ಶೆಡ್ ಏಳಲಿ.

ಕುರಿ ನಮ್ಮ ಬಯಲುಸೀಮೆಗೆ ಒಗ್ಗುವ ಪ್ರಾಣಿ ಎಂಬ ಬಗ್ಗೆ ತಕರಾರಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ 7.43 ಕೋಟಿ ಕುರಿಗಳಲ್ಲಿ ಸುಮಾರು 1.1 ಕೋಟಿ ಕರ್ನಾಟಕದಲ್ಲಿದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ನಮ್ಮದೇ ಹೆಚ್ಚು. 2012ರಲ್ಲಿ ಈ ಸಂಖ್ಯೆ 96 ಲಕ್ಷದ ಆಸುಪಾಸಿನಲ್ಲಿತ್ತು. ಇನ್ನೊಂದು ಕಡೆ, 2015–16ರ ಕೃಷಿ ಗಣತಿಯ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆಯ ಮೇಲೆ ಒಂದಿಷ್ಟು ಗುಂಟೆ. ಹಿಡುವಳಿದಾರರಲ್ಲಿ ಐವರಲ್ಲಿ ನಾಲ್ವರು ಸಣ್ಣ ಅಥವಾ ಅತಿಸಣ್ಣ ರೈತರು. ಇಂಥ ಹೊಲದಲ್ಲಿ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಹುರುಳಿ ಹೊಟ್ಟು, ಜೋಳದ ರವದಿ ಹೇಗಿದ್ದರೂ ಉಳಿಯುತ್ತವೆ. ಬದುವಿನಲ್ಲಿ ಅಗಸೆ, ಗ್ಲಿರಿಸಿಡಿಯಾ, ನುಗ್ಗೆ ನಿಂತರೆ ಸೊಪ್ಪಿಗೆ ಬೇರೆಡೆ ಹುಡುಕಬೇಕಿಲ್ಲ. ಹಸು ಸಾಕಿದವರಿಗೆ ಜೂನ್‌ನಲ್ಲಿ ಶಾಲೆಯ ಫೀಸು ಕಟ್ಟಲು ಹಸುವಿನ ಕಾಲುಭಾಗ ಮಾರಲು ಬರುವುದಿಲ್ಲ. ಕುರಿ ಸಾಕಿದವರು ಒಂದು ಟಗರು ಮಾರಿದರೆ ಸಾಕು. ಗೊಬ್ಬರದ ಮಾತಂತೂ ರೈತರಿಗೆ ಹೇಳಬೇಕಾಗಿಲ್ಲ. ಕುರಿಗಾಹಿಗಳ ಹಿಂಡನ್ನು ಹೊಲದಲ್ಲಿ ಒಂದು ರಾತ್ರಿ ತರುಬಿಸಲು ದುಡ್ಡೋ ಕಾಳೋ ಕೊಟ್ಟು ಕರೆಸುವ ರೂಢಿ ಇಂದಿಗೂ ಇದೆ.

ಹಾಗಿದ್ದರೆ ಕಷ್ಟ ಎಲ್ಲಿದೆ? ಸಂತೆಯಲ್ಲೇ ಶುರುವಾಗುತ್ತದೆ. ಅಮೀನಗಡವಾಗಲಿ ಶಿರಾ ಆಗಲಿ, ಕುರಿ ಕೊಳ್ಳುವಲ್ಲಿ ಮೊದಲು ನೋಡಬೇಕಾದ್ದು ಬಾಯಿ. ಕೆಳದವಡೆಯ ಮುಂದೆ ಎಂಟು ಹಾಲುಹಲ್ಲು. ಒಂದು, ಒಂದೂವರೆ ವರ್ಷಕ್ಕೆ ನಡುವಿನ ಎರಡು ಬಿದ್ದು ಅಗಲವಾದ ಎರಡು ಹೊಸ ಹಲ್ಲು ಬರುತ್ತವೆ. ಆಮೇಲೆ ವರ್ಷಕ್ಕೊಂದು ಜೋಡಿಯಂತೆ ನಾಲ್ಕು, ಆರು, ನಾಲ್ಕನೇ ವರ್ಷದ ಹೊತ್ತಿಗೆ ಎಂಟೂ ತುಂಬಿ ಬಾಯಿಗೂಡುತ್ತದೆ. ಬಳಿಕ ಹಲ್ಲು ಸವೆದು, ಸಂದು ಬಿದ್ದು, ಉದುರುತ್ತವೆ. ಮಾರುವವರು ‘ಎರಡೇ ಈತು ಹಾಕಿದೆ’ ಎಂದರೂ ಸವೆದ ಹಲ್ಲು ಬೇರೆ ಕಥೆ ಹೇಳುತ್ತದೆ. ಕಲಿಯುವವರಿಗೆ ಎರಡು ಅಥವಾ ನಾಲ್ಕು ಹಲ್ಲಿನ, ಒಮ್ಮೆಯಾದರೂ ಈದು ಮರಿ ಸಾಕಿದ ಕುರಿ ಮೇಲು. ಕೆಚ್ಚಲನ್ನು ಕೈಯಿಂದ ಒತ್ತಿ ನೋಡಬೇಕು. ಒಳಗೆ ಗಟ್ಟಿ ಗಡ್ಡೆ ಸಿಕ್ಕರೆ ಆ ಕುರಿಯ ಮರಿ ಹಾಲಿಲ್ಲದೆ ಸಾಯುತ್ತದೆ. ಗೊರಸಿನ ಸಂದಿಯಲ್ಲಿ ಕೊಳೆತ ವಾಸನೆ ಬಂದರೆ ಅದನ್ನು ಅಲ್ಲೇ ಬಿಟ್ಟು ಬರಬೇಕು. ಇದನ್ನೆಲ್ಲ ಐದು ಕುರಿಗೆ ಒಂದೊಂದಾಗಿ ಮಾಡಲು ಸಾಧ್ಯ. ಅರವತ್ತಕ್ಕೆ ಮಾಡುವಷ್ಟು ಹೊತ್ತು ಸಂತೆಯಲ್ಲಿ ಯಾರೂ ಕೊಡುವುದಿಲ್ಲ, ಹೊಸಬರ ಕಣ್ಣಿಗೆ ಅಷ್ಟು ಅಭ್ಯಾಸವೂ ಇರುವುದಿಲ್ಲ.

ತಳಿಯ ಮಾತು ಚಿಕ್ಕದು. ತನ್ನ ಸೀಮೆಯಲ್ಲಿ ಈಗಾಗಲೇ ಬದುಕುತ್ತಿರುವ ತಳಿಯೇ ಹೊಸಬರಿಗೆ ಸರಿ: ಕೊಪ್ಪಳ, ರಾಯಚೂರಿನ ಬಿಸಿಲಿಗೆ ಕೆಂಗುರಿ, ಬಳ್ಳಾರಿ ಕಡೆಗೆ ಬಳ್ಳಾರಿ, ಬರದ ದಾರಿಗೆ ದಖ್ಖನಿ, ಮಳವಳ್ಳಿ ಸುತ್ತ ಬಂಡೂರು. ಬಂಡೂರಿನ ಮಾಂಸದ ಹೆಸರು ದೊಡ್ಡದಾದ್ದರಿಂದ ಅದರ ಹೆಸರಲ್ಲಿ ಮಾರಾಟವಾಗುವ ಮಿಶ್ರ ಕುರಿಯೂ ಬಹಳ. ಅವಳಿ ಹಾಕುವ ನಾರಿ ಸುವರ್ಣದ ಬಗ್ಗೆಯೂ ಕುತೂಹಲ ಹೆಚ್ಚಿದೆ. ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಸಂಸ್ಥೆ ಬಂಗಾಳದ ಸುಂದರಬನದ ಗರೋಲ್ ಕುರಿಯಲ್ಲಿರುವ ಅವಳಿ ಗುಣವನ್ನು ದಖ್ಖನಿಗೆ ತಂದು ಈ ತಳಿಯನ್ನು ರೂಪಿಸಿತು. ಅದು ದೊಡ್ಡ ಸಾಧನೆ. ಆದರೆ ಎರಡು ಮರಿ ಹುಟ್ಟಿಸುವ ಗುಣ ತಾಯಿಯ ಕೆಚ್ಚಲಿಗೆ ಎರಡರಷ್ಟು ಹಾಲು ತರುವುದಿಲ್ಲ. ಗಬ್ಬದ ಕೊನೆಯ ಆರು ವಾರ ತಾಯಿಗೆ ಹಿಂಡಿ, ಕಾಳು ಕೊಟ್ಟು ಸಾಕಲು ಬಲ್ಲವರಿಗೆ ಮಾತ್ರ ಅವಳಿ ಲಾಭ. ಮೊದಲ ವರ್ಷದವರಿಗೆ ಒಂದೇ ಮರಿ ಹಾಕಿ ಅದನ್ನು ಚೆನ್ನಾಗಿ ಸಾಕುವ ಕುರಿ ಎಷ್ಟೋ ವಾಸಿ.

ಕುರಿ ಸಾಕಣೆಯಲ್ಲಿ ಕಲಿಯಲೇಬೇಕಾದ ಪಾಠಗಳಲ್ಲಿ ದೊಡ್ಡದು ಜಂತುಹುಳುವಿನದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸಣ್ಣ ಹಿಡುವಳಿಯ ಕುರಿ ಸಾಯುವುದು ಹೆಚ್ಚಾಗಿ ಇದರಿಂದಲೇ, ಅದೂ ಯಾರಿಗೂ ಗೊತ್ತಾಗದಂತೆ. ಹಿಮೋಂಕಸ್ ಎಂಬ ಹುಳು ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಅಂಟಿ ನಿಂತು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಹೀರುವುದು 0.05 ಮಿಲಿಲೀಟರ್ ಅಷ್ಟೇ. ಆದರೆ ಸಾವಿರ ಹುಳು ಸೇರಿದರೆ ದಿನಕ್ಕೆ 50 ಮಿಲಿಲೀಟರ್ ಆಯಿತು. 25 ಕಿಲೋ ತೂಗುವ ಕುರಿಯ ಮೈಯಲ್ಲಿರುವ ರಕ್ತವೇ ಒಂದೂವರೆ ಲೀಟರಿನ ಸುಮಾರು. ಹೆಣ್ಣು ಹುಳು ದಿನಕ್ಕೆ ಐದಾರು ಸಾವಿರ ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದು, ಮಳೆಗಾಲದ ಬೆಚ್ಚನೆಯ ತೇವದಲ್ಲಿ ವಾರದೊಳಗೆ ಮರಿಹುಳುವಾಗಿ, ಒದ್ದೆ ಹುಲ್ಲಿನ ಎಸಳು ಹತ್ತಿ ಕಾಯುತ್ತವೆ. ಮಂಜು ಆರುವ ತನಕ ಹಿಂಡನ್ನು ರೊಪ್ಪದಿಂದ ಬಿಡಬಾರದು ಎಂಬ ಹಳೆಯ ಕುರಿಗಾಹಿಗಳ ಕಟ್ಟಳೆಗೆ ಕಾರಣ ಇಲ್ಲಿದೆ. ಹಳಬರಿಗೆ ಇನ್ನೊಂದು ಅನುಕೂಲವೂ ಇತ್ತು: ಅವರ ಹಿಂಡು ಒಂದೆಡೆ ನಿಲ್ಲುತ್ತಿರಲಿಲ್ಲ. ಹಿಕ್ಕೆ ಬಿದ್ದ ಜಾಗಕ್ಕೆ ಕುರಿ ಮತ್ತೆ ಬಾಯಿ ಹಾಕುವ ಹೊತ್ತಿಗೆ ತಿಂಗಳುಗಳೇ ಕಳೆದು, ಬಿಸಿಲಿಗೆ ಹುಳು ಒಣಗಿ ಸತ್ತಿರುತ್ತಿತ್ತು. ಮೂರು ಎಕರೆಯವರ ಕುರಿ ಅದೇ ಬದುವಿನಲ್ಲಿ, ಅದೇ ತೋಟದ ಅಂಚಿನಲ್ಲಿ ದಿನವೂ ಮೇಯುತ್ತದೆ. ಹುಳುವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ? ಆದ್ದರಿಂದ ಕುರಿಗಾಹಿ ಮನೆತನದಲ್ಲೇ ಹುಟ್ಟಿದವರೂ ನಿಂತ ನೆಲದಲ್ಲಿ ಸಾಕಲು ಹೊರಟಾಗ ಹೊಸದಾಗಿ ಕಲಿಯಬೇಕಾಗುತ್ತದೆ.

ಇದಕ್ಕೆ ಎಲ್ಲರೂ ಹಿಡಿಯುವ ಸುಲಭದ ದಾರಿ ತಿಂಗಳಿಗೊಮ್ಮೆ ಎಲ್ಲ ಕುರಿಗೂ ಜಂತುಹುಳು ಔಷಧಿ ಕುಡಿಸುವುದು. ಅದರಿಂದ ಔಷಧಿಗೆ ಬಗ್ಗದ ಹುಳುಗಳೇ ಉಳಿದು ಬೆಳೆಯುತ್ತವೆ. ಕೆಲವು ವರ್ಷಗಳಲ್ಲಿ ಆ ಔಷಧಿ ಕೆಲಸಕ್ಕೆ ಬಾರದಂತಾಗುತ್ತದೆ. ಹಿಂಡಿನ ಬಹುಪಾಲು ಹುಳು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ ಎಂಬುದನ್ನು ಗಮನಿಸಿ ದಕ್ಷಿಣ ಆಫ್ರಿಕಾದ ಪಶುವೈದ್ಯರು ಒಂದು ಸರಳ ಪರೀಕ್ಷೆ ಕಂಡುಕೊಂಡರು. ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆದು ಒಳಪೊರೆಯ ಬಣ್ಣ ನೋಡುವುದು: ಕೆಂಪಗಿದ್ದರೆ ಔಷಧಿ ಬೇಡ, ನಸುಗೆಂಪಾದರೆ ಎಚ್ಚರ, ಬಿಳಿಚಿಕೊಂಡಿದ್ದರೆ ಆ ಕುರಿಗೆ ಆ ದಿನವೇ ಔಷಧಿ. ಅದನ್ನು ರೂಪಿಸಿದ ಫಾಫಾ ಮಲಾನರ ಹೆಸರಿನಿಂದ ‘ಫಮಾಚಾ’ ಎಂದು ಕರೆಯುವ ಬಣ್ಣದ ಪಟ್ಟಿಯೂ ಇದೆ. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿದ್ದರೆ ರೋಗ ಆಗಲೇ ಮುಂದುವರಿದಿದೆ ಎಂದರ್ಥ. ರೆಪ್ಪೆಯ ಬಣ್ಣವನ್ನು ಓದಲು ಶಾಲೆ ಬೇಕಿಲ್ಲ, ಆದರೆ ಆರೋಗ್ಯದ ಕೆಂಪು ಯಾವುದೆಂದು ಕಣ್ಣಿಗೆ ರೂಢಿಯಾಗಬೇಕು. ವಾರಕ್ಕೊಮ್ಮೆ ಅವೇ ಐದು ಕುರಿಗಳ ರೆಪ್ಪೆ ನೋಡುವ ಗೃಹಿಣಿಗೆ ಆರು ತಿಂಗಳಲ್ಲಿ ಬರುವ ಈ ರೂಢಿ, ನೂರು ಕುರಿಯ ಶೆಡ್ಡಿನಲ್ಲಿ ಕೂಲಿಯವರನ್ನು ನಂಬಿ ಕೂತ ಮಾಲೀಕರಿಗೆ ವರ್ಷಗಳಾದರೂ ಬರುವುದಿಲ್ಲ.

ಮೇವಿನ ಪಾಠವೂ ಇಷ್ಟೇ ಸೂಕ್ಷ್ಮ. ಬಡಕಲು ಮರಿ ಸತ್ತರೆ ಕಾರಣ ಊಹಿಸಬಹುದು, ಆದರೆ ಕರುಳು ಬೇನೆಯಲ್ಲಿ ಹಿಂಡಿನಲ್ಲೇ ಚೆನ್ನಾಗಿ ತಿಂದು ಮೈತುಂಬಿಕೊಂಡ ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಕರುಳಿನಲ್ಲಿ ಸದಾ ಇರುವ ಬ್ಯಾಕ್ಟೀರಿಯಾ, ದಿಢೀರನೆ ಸಿಕ್ಕ ಎಳೆ ಹಸಿರು ಅಥವಾ ಕಾಳಿನಿಂದ ವಿಪರೀತ ಬೆಳೆದು ವಿಷ ಉತ್ಪಾದಿಸುವುದೇ ಇದಕ್ಕೆ ಕಾರಣ. ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಬೇಕು, ಮೇವನ್ನು ಒಮ್ಮೆಗೇ ಬದಲಿಸದೆ ವಾರದ ಮೇಲೆ ಹಿಗ್ಗಿಸಿ ಬದಲಿಸಬೇಕು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರಿನಲ್ಲಿ ಸಯನೈಡ್ ವಿಷವಿರುತ್ತದೆ. ಹೂ ಬಿಡುವ ತನಕ ಅದರತ್ತ ಕುರಿಯನ್ನು ಬಿಡುವಂತಿಲ್ಲ. ಹಸುವಿಗೆಂದು ತಂದ ಖನಿಜ ಮಿಶ್ರಣವನ್ನೇ ಕುರಿಗೂ ಹಾಕುವ ಮನೆಗಳಿವೆ. ಅದರಲ್ಲಿನ ತಾಮ್ರವನ್ನು ಹಸು ತಾಳಿಕೊಳ್ಳುತ್ತದೆ, ಕುರಿಯ ಯಕೃತ್ತಿನಲ್ಲಿ ಅದು ತಿಂಗಳುಗಟ್ಟಲೆ ಶೇಖರವಾಗಿ ಒಂದು ದಿನ ಕೊಲ್ಲುತ್ತದೆ. ಕುರಿಗೆಂದೇ ಮಾಡಿದ ಮಿಶ್ರಣ ಕೇಳಿ ತರಬೇಕು.

ಇನ್ನು ಈಯುವ ಕಾಲ. ಕುರಿ ಬೆದೆಗೆ ಬರುವುದು 17 ದಿನಕ್ಕೊಮ್ಮೆ, ಗಬ್ಬ ಹೊರುವುದು ಐದು ತಿಂಗಳಿಗೆ ಮೂರು ನಾಲ್ಕು ದಿನ ಕಡಿಮೆ. ಐದು ಕುರಿಗೆ ಸ್ವಂತ ಟಗರು ಇಡುವ ಅಗತ್ಯವಿಲ್ಲ; ನೆರೆಯವರ ಒಳ್ಳೆಯ ಟಗರನ್ನು ನಲವತ್ತು ದಿನ ತಂದು ಬಿಟ್ಟರೆ ಎರಡು ಬೆದೆ ದಾಟುತ್ತವೆ. ಜೂನ್ ಕೊನೆಗೆ ಟಗರು ಬಿಟ್ಟರೆ ಮರಿಗಳು ನವೆಂಬರ್, ಡಿಸೆಂಬರಿಗೆ, ಅಂದರೆ ಹೊಟ್ಟು, ಸೊಪ್ಪು ಮನೆ ತುಂಬುವ ಹೊತ್ತಿಗೆ, ಒಟ್ಟೊಟ್ಟಿಗೆ ಬರುತ್ತವೆ. ಆ ಕೆಲವು ವಾರ ಮನೆಯವರೊಬ್ಬರು ರಾತ್ರಿ ಎದ್ದು ನೋಡಬೇಕು. ಹುಟ್ಟಿದ ಮರಿಯ ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಿತೇ ಎಂದು ಖಚಿತಪಡಿಸಿಕೊಳ್ಳಬೇಕು. ಮೂರು ಕಿಲೋ ಮರಿಗೆ ಮೊದಲ ದಿನ 300 ಮಿಲಿಲೀಟರಿನಷ್ಟಾದರೂ ಬೇಕು. ತಾಯಿಯ ರಕ್ತದಿಂದ ಗರ್ಭದಲ್ಲಿ ಮರಿಗೆ ಬಾರದ ರೋಗನಿರೋಧಕ ಶಕ್ತಿ ಬರುವುದು ಈ ಹಾಲಿನಿಂದಲೇ. ಒಂದು ದಿನ ಕಳೆದರೆ ಮರಿಯ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಚೊಚ್ಚಲ ಕುರಿ ಮರಿಯನ್ನು ಒಲ್ಲೆನೆಂದು ಒದ್ದರೆ ಹಿಡಿದು ನಿಲ್ಲಿಸಿ ಕುಡಿಸುವ ತಾಳ್ಮೆ ಯಾರಿಗಿದೆಯೋ ಅವರ ಹಿಂಡು ಬೆಳೆಯುತ್ತದೆ.

ಐದು ಕುರಿಯಿಂದ ಸಂಸಾರ ನಡೆಯುತ್ತದೆಯೇ ಎಂಬ ಆಕ್ಷೇಪ ಸಹಜ. ಇಲ್ಲ, ನಡೆಯುವುದಿಲ್ಲ. ಚೆನ್ನಾಗಿ ಸಾಕಿದರೆ ಕುರಿ ಎರಡು ವರ್ಷದಲ್ಲಿ ಮೂರು ಸಲ ಈಯಬಲ್ಲದು. ಐದಕ್ಕೆ ಹದಿನೈದು ಮರಿ ಎಂದು ಲೆಕ್ಕ ಹಾಕಿದರೂ, ಕಲಿಯುವವರ ಕೈಯಲ್ಲಿ ಮೂರು ನಾಲ್ಕು ಕಳೆಯುತ್ತವೆ. ಉಳಿದವುಗಳಲ್ಲಿ ಅರ್ಧ ಗಂಡು ಎಂದಿಟ್ಟುಕೊಂಡರೆ ಮಾರಾಟಕ್ಕೆ ಐದಾರು, ಮನೆಗೆ ಐದಾರು ಹೆಣ್ಣುಮರಿ. ಎರಡು ವರ್ಷದ ಕೊನೆಗೆ ಮನೆಯಲ್ಲಿ ಹತ್ತು ಹನ್ನೊಂದು ಹೆಣ್ಣು, ಅವುಗಳಲ್ಲಿ ಅರ್ಧದಷ್ಟು ತಮ್ಮ ಕೈಯಲ್ಲೇ ಹುಟ್ಟಿದವು, ತಮ್ಮ ನೆಲದ ಹುಳು, ನೀರು, ಬಿಸಿಲಿಗೆ ಒಗ್ಗಿದವು. ಸಾಲ ಇಲ್ಲ. ಇದನ್ನು ನೂರರಿಂದ ಶುರುಮಾಡಿದವರ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಬೇಕು. ಒಂದು ಕುರಿಗೆ ದಿನಕ್ಕೆ ನಾಲ್ಕು ಕಿಲೋ ಹಸಿಮೇವು ಎಂದರೂ ನೂರಕ್ಕೆ ನಾಲ್ಕು ಕ್ವಿಂಟಲ್, ದಿನವೂ, ಏಪ್ರಿಲ್‌ನಲ್ಲೂ. ಕೊಳವೆಬಾವಿ ಬತ್ತಿದ ವರ್ಷ ಅಷ್ಟು ಮೇವನ್ನು ದುಡ್ಡು ಕೊಟ್ಟು ತಂದರೆ ಮರಿ ಮಾರಿದ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಹತ್ತರಲ್ಲಿ ಒಂದು ಸಾಯುವುದು ಐದು ಕುರಿಯವರಿಗೆ ಹೆಚ್ಚೆಂದರೆ ಒಂದು ಕುರಿಯ ನಷ್ಟ. ಅದೇ ಪ್ರಮಾಣ ನೂರರಲ್ಲಿ ಹತ್ತು ಕುರಿಯ ಸಾವು, ಮೇಲೆ ಬ್ಯಾಂಕಿನ ಕಂತು.

ಸರ್ಕಾರದ ನೆರವೇ ದೊಡ್ಡ ಹಿಂಡಿಗೆ ಸಿಗುವಾಗ ಸಣ್ಣದರಿಂದ ಶುರು ಮಾಡುವುದು ಜಾಣತನವೇ ಎಂದೂ ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಹುರುಳಿದೆ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ಕನಿಷ್ಠ ಘಟಕವೇ 100 ಹೆಣ್ಣು, 5 ಗಂಡು. ಆ ಘಟಕಕ್ಕೆ ಸಿಗುವ ಶೇ 50ರ ಸಹಾಯಧನಕ್ಕೆ 10 ಲಕ್ಷ ರೂಪಾಯಿ ಮಿತಿ. ರಾಜ್ಯದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ 20 ಹೆಣ್ಣು, 1 ಟಗರಿನ ಘಟಕವನ್ನು ಇಟ್ಟುಕೊಂಡದ್ದು ಇದಕ್ಕಿಂತ ವಿವೇಕದ ಅಳತೆ. ಆದರೂ ಕುರಿಯನ್ನೇ ಸಾಕಿ ಗೊತ್ತಿಲ್ಲದ ಮನೆಗೆ ಇಪ್ಪತ್ತೊಂದನ್ನು ಒಂದೇ ದಿನ ಇಳಿಸುವುದು ಹೆಚ್ಚೇ. ನೆರವನ್ನು ಎರಡು ಕಂತು ಮಾಡಿ, ಮೊದಲ ವರ್ಷ ಐದು ಕುರಿ, ಅವನ್ನು ಉಳಿಸಿಕೊಂಡು ಲಸಿಕೆಯ ಪುಸ್ತಕ ತೋರಿಸಿದವರಿಗೆ ಎರಡನೇ ವರ್ಷ ಉಳಿದದ್ದು ಎಂದು ನಿಯಮ ಮಾಡಲು ಖಜಾನೆಯಿಂದ ಒಂದು ರೂಪಾಯಿಯೂ ಹೆಚ್ಚು ಬೇಕಾಗಿಲ್ಲ. ಸಹಾಯಧನದ ಆಸೆಗೆ ನೂರು ಕುರಿ ತಂದು ಎರಡೇ ವರ್ಷದಲ್ಲಿ ಶೆಡ್ ಖಾಲಿಬಿಟ್ಟ ಮನೆಯವರ ಸಂಕಟ ನೋಡಿದರೆ ಈ ನಿಯಮದ ಬೆಲೆ ತಿಳಿಯುತ್ತದೆ. ಆ ಕುಟುಂಬ ಮತ್ತೆ ಕುರಿಯ ಹತ್ತಿರ ಸುಳಿಯುವುದಿಲ್ಲ.

ಎತ್ತರದ ಅಟ್ಟಣೆಯ ಶೆಡ್ಡಿನಲ್ಲಿ ಹಿಕ್ಕೆ ಕೆಳಗೆ ಬೀಳುವುದರಿಂದ ಹುಳುವಿನ ಕಾಟ ಕಡಿಮೆ, ಅದನ್ನೇಕೆ ಬೇಡ ಎನ್ನುತ್ತೀರಿ ಎಂದು ಶೆಡ್ ಪರವಾಗಿ ವಾದಿಸುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಮಳೆ ಹೆಚ್ಚಿರುವ ಕಡೆ ಅಟ್ಟಣೆ ನಿಜಕ್ಕೂ ಉಪಕಾರಿ. ನನ್ನ ತಕರಾರು ಕ್ರಮದ ಬಗ್ಗೆ. ಐದು ಕುರಿಗೆ ಹಳೆಯ ಕೊಟ್ಟಿಗೆಯ ಒಂದು ಮೂಲೆ, ನೆಲಕ್ಕೆ ಒಣ ಮಣ್ಣು, ಸುಣ್ಣ, ನಾಯಿ ಬಾರದಂಥ ಗಟ್ಟಿ ತಡಿಕೆ ಸಾಕು. ಒಂದು ಮಳೆಗಾಲ ಕಳೆದ ಮನೆಯವರಿಗೆ ಗಾಳಿ ಯಾವ ದಿಕ್ಕಿಂದ ಇರಿಚಲು ಹೊಡೆಯುತ್ತದೆ, ಗೋದಲಿ ಎಷ್ಟು ಎತ್ತರವಿದ್ದರೆ ಮೇವು ಚೆಲ್ಲುವುದಿಲ್ಲ, ಈದ ಕುರಿಗೆ ಬೇರೆ ಕೋಣೆ ಎಲ್ಲಿರಬೇಕು ಎಂಬುದೆಲ್ಲ ತಿಳಿದಿರುತ್ತದೆ. ಅವರು ಆಮೇಲೆ ಕಟ್ಟುವ ಶೆಡ್ ಸಣ್ಣದಿರುತ್ತದೆ, ಕೆಲಸಕ್ಕೆ ಬರುತ್ತದೆ.

ಕೊನೆಗೆ ಉಳಿಯುವುದು ನಿಜಕ್ಕೂ ಗಟ್ಟಿಯಾದ ಆಕ್ಷೇಪ: ಐದು ಕುರಿಯವರ ಮನೆಗೆ ಡಾಕ್ಟರು ಬರುವುದಿಲ್ಲ, ವ್ಯಾಪಾರಿ ಬಂದರೂ ಕೈಯಿಂದ ಎತ್ತಿ ನೋಡಿ ತಾನು ಹೇಳಿದ ಬೆಲೆಗೆ ಒಯ್ಯುತ್ತಾನೆ. ಕುರಿ, ಮೇಕೆಗಳಿಗೆ ಹರಡುವ ಪಿಪಿಆರ್ ಎಂಬ ಸಾಂಕ್ರಾಮಿಕ ರೋಗದ ಲಸಿಕೆಯನ್ನೇ ನೋಡಿ. ಒಮ್ಮೆ ಹಾಕಿಸಿದರೆ ಮೂರು ವರ್ಷದಷ್ಟು ರಕ್ಷಣೆ ಕೊಡುವ ಇದರ ಬಲದ ಮೇಲೆಯೇ 2030ರೊಳಗೆ ಈ ರೋಗವನ್ನು ಜಗತ್ತಿನಿಂದ ಅಳಿಸುವ ಗುರಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಟ್ಟುಕೊಂಡಿದೆ. ಆದರೆ ಲಸಿಕೆ ಬರುವುದು ಇಪ್ಪತ್ತೈದು, ಐವತ್ತು, ನೂರು ಕುರಿಗಾಗುವ ಸೀಸೆಯಲ್ಲಿ. ಪುಡಿಯನ್ನು ದ್ರಾವಣದಲ್ಲಿ ಕರಗಿಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಐದು ಕುರಿಗಾಗಿ ಒಂದು ಸೀಸೆ ಒಡೆಯಲು ಯಾರೂ ಒಪ್ಪುವುದಿಲ್ಲ. ಇದಕ್ಕೆ ಪರಿಹಾರ ಒಂದೇ ಮನೆಯಲ್ಲಿ ಐವತ್ತು ಕುರಿ ಇಡುವುದೇ ಎಂದರೆ ನಾನು ಒಪ್ಪುವುದಿಲ್ಲ. ಒಂದೇ ಊರಿನ ಹತ್ತು ಮನೆ ಸೇರಿದರೂ ಐವತ್ತಾಗುತ್ತದೆ. ಸ್ತ್ರೀಶಕ್ತಿ ಸಂಘಗಳು ಊರೂರಿನಲ್ಲಿವೆ, ಸಂಜೀವಿನಿ ಒಕ್ಕೂಟಗಳಲ್ಲಿ ತರಬೇತಿ ಪಡೆದ ಪಶುಸಖಿಯರಿದ್ದಾರೆ. ದಿನ ಗೊತ್ತುಮಾಡಿ ಎಲ್ಲರ ಕುರಿಗಳನ್ನೂ ದೇವಸ್ಥಾನದ ಬಯಲಿಗೆ ಹೊಡೆದು ತಂದರೆ ಪಶು ಆಸ್ಪತ್ರೆಯವರು ಸೀಸೆ ಒಡೆಯಲು ಹಿಂಜರಿಯುವುದಿಲ್ಲ. ಅದೇ ಸಂಘ ಒಂದು ತೂಗುತಕ್ಕಡಿ ಕೊಂಡರೆ ಮರಿಯನ್ನು ಅಂದಾಜಿಗೆ ಬದಲು ಕಿಲೋ ಲೆಕ್ಕದಲ್ಲಿ ಮಾರಬಹುದು, ಹತ್ತು ಮನೆಯ ಟಗರುಗಳನ್ನು ಒಟ್ಟುಗೂಡಿಸಿ ಬಕ್ರೀದ್ ಸಂತೆಗೆ ಒಂದೇ ವಾಹನದಲ್ಲಿ ಕಳಿಸಬಹುದು. ಬಕ್ರೀದ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಟಗರು ಬಿಡುವ ದಿನವನ್ನೂ ಆ ಹತ್ತು ಮನೆಯವರು ವರ್ಷದ ಮೊದಲೇ ಕೂತು ತೀರ್ಮಾನಿಸಬೇಕಾಗುತ್ತದೆ.